ಮಗು ಹೇಳದ ನೋವು: ಗುರುತಿಸುವ ಬಗೆ, ನೆರವಾಗುವ ಬಗೆ



ಮಗು ಹುಟ್ಟಿದ ದಿನದಿಂದ ಅದರ ತೂಕ, ಎದೆಹಾಲು, ಪೂರಕ ಆಹಾರ, ಚುಚ್ಚುಮದ್ದು ಇವುಗಳ ವಿಷಯವಾಗಿ ಆರೋಗ್ಯ ಇಲಾಖೆಯ ಸಿಬ್ಬಂದಿಯವರು ನಿಮ್ಮೊಡನೆ ಹಲವು ಬಾರಿ ಮಾತನಾಡಿರುತ್ತಾರೆ. ದಡಾರ, ಪೋಲಿಯೋ, ಗಂಟಲುಮಾರಿ, ಧನುರ್ವಾಯು ಮೊದಲಾದ ರೋಗಗಳಿಂದ ಮಗುವನ್ನು ಕಾಪಾಡುವ ರೀತಿ ನಿಮಗೆ ತಿಳಿದಿದೆ. ಆದರೆ ಯಾವ ಚುಚ್ಚುಮದ್ದಿನಿಂದಲೂ ತಡೆಯಲಾಗದ ಮತ್ತೊಂದು ಅಪಾಯವಿದೆ. ಅದು ಕ್ರಿಮಿಯಿಂದ ಬರುವುದಿಲ್ಲ. ಮನುಷ್ಯರ ಕೈಯಿಂದ, ಮಾತಿನಿಂದ ಮತ್ತು ಅಲಕ್ಷ್ಯದಿಂದ ಬರುತ್ತದೆ. ಇದನ್ನೇ ಮಕ್ಕಳ ಮೇಲಿನ ದೌರ್ಜನ್ಯ ಎನ್ನುತ್ತೇವೆ. ಇದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡಬೇಕಾದುದೇನು ಎಂಬುದೇ ಈ ಪಾಠದ ವಿಷಯ.

1. ಈ ಪಾಠ ಏಕೆ ಅವಶ್ಯ?

"ನಮ್ಮ ಊರಿನಲ್ಲಿ ಅಂತಹದೇನೂ ಇಲ್ಲ" ಎಂದು ಅನೇಕರು ನಂಬಿರುತ್ತಾರೆ. ಹಿಂದೆ ವೈದ್ಯರೂ ಹಾಗೆಯೇ ನಂಬಿದ್ದರು. 1962ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಬಂಧವನ್ನು ಪ್ರಕಟಿಸಿದರು. "ಬಿದ್ದು ಪೆಟ್ಟಾಯಿತು" ಎಂದು ಆಸ್ಪತ್ರೆಗೆ ತರಲಾಗುವ ಕೆಲವು ಮಕ್ಕಳ ಮೂಳೆಮುರಿತ ಮತ್ತು ತಲೆಯ ಗಾಯಗಳು ನಿಜವಾಗಿ ಹೊಡೆತದಿಂದ ಆದವು ಎಂದು ಅವರು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಈ ವಿಷಯವು ವೈದ್ಯಶಾಸ್ತ್ರದ ಪಾಠಗಳಲ್ಲಿ ಸೇರಿತು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ ಪ್ರತಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಗುರಿಯಾಗಿದ್ದುದು ಕಂಡುಬಂದಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದುದಾಗಿ ಹೇಳಿದರು. ಗಂಡುಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ತಪ್ಪು ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಬಹುಪಾಲು ಮಕ್ಕಳು ಈ ಸಂಗತಿಯನ್ನು ಯಾರಿಗೂ ತಿಳಿಸಿರಲಿಲ್ಲ.

ಈ ಕಡೆಯ ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿರಿ. ಮಗು ತಾನಾಗಿ ಹೇಳುವುದಿಲ್ಲ. ಸಣ್ಣ ಮಗುವಿಗೆ ಹೇಳಲು ಮಾತಿಲ್ಲ. ದೊಡ್ಡ ಮಗುವಿಗೆ ಹೇಳಲು ಧೈರ್ಯವಿಲ್ಲ. ಆದುದರಿಂದ ಹಿರಿಯರಾದವರು ನೋಡಿ ತಿಳಿಯಬೇಕು. ವೈದ್ಯರು ಮಗುವನ್ನು ನೋಡುವುದು ಕೆಲವು ನಿಮಿಷ, ಶಿಕ್ಷಕರು ನೋಡುವುದು ಕೆಲವು ಗಂಟೆ. ಮಗುವಿಗೆ ಸ್ನಾನ ಮಾಡಿಸುವವರು, ಅದರ ಪಕ್ಕದಲ್ಲಿ ಮಲಗುವವರು, ಅದು ಉಂಡಿತೋ ಇಲ್ಲವೋ ಎಂದು ಬಲ್ಲವರು ನೀವು. ನಿಮ್ಮ ಕಣ್ಣಿಗೆ ಬೀಳುವಷ್ಟು ಮತ್ತಾರ ಕಣ್ಣಿಗೂ ಬೀಳುವುದಿಲ್ಲ.

2. ದೌರ್ಜನ್ಯ ಎಂದರೇನು?

ಇದರಲ್ಲಿ ನಾಲ್ಕು ಬಗೆಗಳಿವೆ.

(ಅ) ದೈಹಿಕ ಹಿಂಸೆ: ಹೊಡೆಯುವುದು, ಸುಡುವುದು, ಕಟ್ಟಿಹಾಕುವುದು, ಎತ್ತಿ ಕುಲುಕುವುದು, ಕಣ್ಣಿಗೆ ಮೆಣಸಿನಪುಡಿ ಹಾಕುವುದು ಮುಂತಾದುವು.

(ಆ) ಮಾನಸಿಕ ಹಿಂಸೆ: "ನೀನು ಯಾಕಾದರೂ ಹುಟ್ಟಿದೆಯೋ" ಎಂಬಂತಹ ಮಾತು, ಬಣ್ಣ ರೂಪಗಳನ್ನು ಹಳಿಯುವುದು, ಹೆಣ್ಣೆಂಬ ಕಾರಣಕ್ಕೆ ಮೂದಲಿಸುವುದು, ಸದಾ ಹೆದರಿಸುವುದು, ಮಗುವಿನ ಕಣ್ಣೆದುರಿಗೇ ತಾಯಿಯನ್ನು ಹೊಡೆಯುವುದು.

(ಇ) ಅಲಕ್ಷ್ಯ: ಶಕ್ತಿಯಿದ್ದೂ ಊಟ, ಔಷಧ, ವಿದ್ಯೆ ಮತ್ತು ಮೇಲ್ವಿಚಾರಣೆಗಳನ್ನು ಒದಗಿಸದಿರುವುದು.

(ಈ) ಲೈಂಗಿಕ ದೌರ್ಜನ್ಯ: ಮಗುವಿನ ಗುಪ್ತಾಂಗಗಳನ್ನು ಮುಟ್ಟುವುದು, ತನ್ನವನ್ನು ಮುಟ್ಟಿಸಿಕೊಳ್ಳುವುದು, ಅಶ್ಲೀಲ ಚಿತ್ರಗಳನ್ನು ತೋರಿಸುವುದು, ಸಂಭೋಗ ಮೊದಲಾದ ಎಲ್ಲವೂ. ಇದು ಹೆಣ್ಣುಮಗುವಿಗೂ ಆಗಬಹುದು, ಗಂಡುಮಗುವಿಗೂ ಆಗಬಹುದು.

ಬಡತನವು ಅಲಕ್ಷ್ಯವಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಮನೆಯಲ್ಲಿ ಕಾಳಿಲ್ಲದೆ ಮಗು ಸೊರಗಿದ್ದರೆ ಆ ತಂದೆತಾಯಿಗಳಿಗೆ ಬೇಕಾದುದು ನಿಂದೆಯಲ್ಲ, ನೆರವು. ಅಂಗನವಾಡಿಯಲ್ಲಿ ಪೂರಕ ಆಹಾರ ದೊರೆಯುತ್ತದೆ. ತೀವ್ರ ಅಪೌಷ್ಟಿಕತೆಯುಳ್ಳ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯುಂಟು. ಆದರೆ ಒಂದೇ ಮನೆಯಲ್ಲಿ ಮಗನು ತುಂಬಿಕೊಂಡು ಮಗಳು ಮಾತ್ರ ಬಡಕಲಾಗಿದ್ದರೆ, ಮಗನಿಗೆ ಜ್ವರ ಬಂದ ದಿನವೇ ಆಸ್ಪತ್ರೆ, ಮಗಳಿಗೆ ನಾಲ್ಕನೆಯ ದಿನಕ್ಕೂ ಕಷಾಯವೆಂದಾದರೆ, ಅದು ಬಡತನವಲ್ಲ, ಅಲಕ್ಷ್ಯ. ಇಬ್ಬರ ತೂಕದ ಚೀಟಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ.

3. ಮೈಮೇಲಿನ ಗುರುತುಗಳು

ಆಡುವ ಮಗು ಬೀಳುತ್ತದೆ, ಏಳುತ್ತದೆ. ಮೊಣಕಾಲು, ಮುಂಗಾಲಿನ ಮೂಳೆ, ಮೊಣಕೈ, ಹಣೆ ಇಂತಹ ಮುಂಚಾಚಿದ ಭಾಗಗಳಲ್ಲಿ ತರಚು, ಕಂದು ಇರುವುದು ಸಹಜ. ಕೆಳಗಿನ ಗುರುತುಗಳು ಮಾತ್ರ ಸಂದೇಹಕ್ಕೆ ಎಡೆಗೊಡುತ್ತವೆ.

(ಅ) ಕಿವಿ, ಕೆನ್ನೆ, ಕುತ್ತಿಗೆ, ಬೆನ್ನು, ಹೊಟ್ಟೆ, ಕುಂಡೆ, ತೊಡೆಯ ಒಳಭಾಗ ಇಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆಗಳು. ಬಿದ್ದ ಮಗುವಿಗೆ ಈ ಭಾಗಗಳಲ್ಲಿ ಪೆಟ್ಟಾಗುವುದು ಅಪರೂಪ.

(ಆ) ಬೆರಳುಗಳ ಗುರುತು, ಬೆಲ್ಟಿನ ಅಥವಾ ಬೆತ್ತದ ಬಾಸುಂಡೆ, ಹಗ್ಗ ಕಟ್ಟಿದ ಗೀರು.

(ಇ) ಇನ್ನೂ ಅಂಬೆಗಾಲಿಡದ, ನಿಲ್ಲಲಾರದ ಕೂಸಿನ ಮೈಮೇಲೆ ಯಾವುದೇ ಕಂದು ಕಲೆ. ತಾನಾಗಿ ಚಲಿಸದ ಕೂಸಿಗೆ ತಾನಾಗಿ ಪೆಟ್ಟಾಗುವುದಿಲ್ಲ.

(ಈ) ಸುಟ್ಟ ಗಾಯಗಳು. ಬಿಸಿನೀರು ಅಕಸ್ಮಾತ್ತಾಗಿ ಚೆಲ್ಲಿದರೆ ಗಾಯವು ಅಂಕುಡೊಂಕಾಗಿ, ಹನಿಹನಿಯಾಗಿ ಹರಡಿರುತ್ತದೆ. ಬಿಸಿನೀರಿನಲ್ಲಿ ಬಲವಂತವಾಗಿ ಅದ್ದಿದ್ದರೆ ಕಾಲುಚೀಲ ತೊಟ್ಟಂತೆ ಗಾಯದ ಅಂಚು ಒಂದೇ ಗೆರೆಯಲ್ಲಿ ನಿಂತಿರುತ್ತದೆ. ಬೀಡಿ, ಸಿಗರೇಟಿನಿಂದ ಚುಚ್ಚಿದ ಗಾಯ ದುಂಡಗಿರುತ್ತದೆ.

(ಉ) ಗಾಯಕ್ಕೂ ಅದಕ್ಕೆ ಹೇಳುವ ಕಾರಣಕ್ಕೂ ಹೊಂದಾಣಿಕೆ ಇಲ್ಲದಿರುವುದು. "ಚಾಪೆಯಿಂದ ಉರುಳಿತು" ಎಂದರೆ ತೊಡೆಯ ಮೂಳೆ ಮುರಿಯುವುದಿಲ್ಲ. ಕಾರಣವನ್ನು ತಾಯಿ ಒಂದು ಬಗೆ, ತಂದೆ ಮತ್ತೊಂದು ಬಗೆ ಹೇಳುವುದು, ಪೆಟ್ಟಾಗಿ ಎರಡು ದಿನ ಕಳೆದ ಮೇಲೆ ಆಸ್ಪತ್ರೆಗೆ ತರುವುದು ಇವೂ ಗಮನಿಸತಕ್ಕ ಅಂಶಗಳು.

ಒಂದು ಎಚ್ಚರಿಕೆ: ನಮ್ಮ ದೇಶದ ಅನೇಕ ಕೂಸುಗಳಿಗೆ ಹುಟ್ಟಿನಿಂದಲೇ ಸೊಂಟದ ಕೆಳಗೆ, ಕುಂಡೆಯ ಮೇಲೆ ನೀಲಿ ಮಚ್ಚೆಗಳಿರುತ್ತವೆ. ಅವು ಪೆಟ್ಟಿನ ಗುರುತಲ್ಲ, ಬೆಳೆಯುತ್ತ ಮಾಸಿಹೋಗುತ್ತವೆ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯುಳ್ಳ ಮಕ್ಕಳಲ್ಲಿಯೂ ಸುಲಭವಾಗಿ ಕಂದು ಕಲೆಗಳು ಮೂಡುತ್ತವೆ. ಆದುದರಿಂದ ಒಂದು ಕಲೆಯನ್ನು ಕಂಡೊಡನೆ ನೆರೆಯವರ ಮೇಲೆ ಅಪವಾದ ಹೊರಿಸಬಾರದು. ಅದೇನೆಂದು ನಿರ್ಣಯಿಸುವುದು ವೈದ್ಯರ ಕೆಲಸ. ಕಂಡುದನ್ನು ತಿಳಿಸುವುದು ನಿಮ್ಮ ಕೆಲಸ.

ಕೂಸನ್ನು ಕುಲುಕುವುದು: ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಅಳು ನಿಲ್ಲಿಸಲೆಂದು ಕೋಪದಿಂದ ಎತ್ತಿ ಜೋರಾಗಿ ಕುಲುಕಿದರೆ ಮೆದುಳಿನ ಸುತ್ತಲಿನ ರಕ್ತನಾಳಗಳು ಹರಿದು ತಲೆಯೊಳಗೆ ರಕ್ತಸ್ರಾವವಾಗುತ್ತದೆ. ಹೊರಗೆ ಒಂದು ಗೀರೂ ಕಾಣದಿರಬಹುದು. ಮಂಕುಬಡಿಯುವುದು, ವಾಂತಿ, ಹಾಲು ಕುಡಿಯದಿರುವುದು, ಫಿಟ್ಸ್ ಬರುವುದು ಇದರ ಚಿಹ್ನೆಗಳು. ಕಣ್ಣು ಹೋಗಬಹುದು, ಬುದ್ಧಿ ಕುಂಠಿತವಾಗಬಹುದು, ಪ್ರಾಣವೂ ಹೋಗಬಹುದು. ತೊಟ್ಟಿಲು ತೂಗುವುದರಿಂದ ಈ ಹಾನಿಯಾಗುವುದಿಲ್ಲ. ಕೂಸಿನ ಅಳು ಆರನೆಯ ವಾರದ ಸುಮಾರಿಗೆ ಅತಿ ಹೆಚ್ಚಾಗಿದ್ದು ಮೂರು ನಾಲ್ಕು ತಿಂಗಳ ವೇಳೆಗೆ ತಾನಾಗಿ ಇಳಿಯುತ್ತದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿ, ಜ್ವರವಿಲ್ಲವೆಂದು ನೋಡಿದ ಮೇಲೂ ಅಳು ನಿಲ್ಲದೆ ನಿಮಗೆ ತಾಳ್ಮೆ ತಪ್ಪಿದರೆ, ಕೂಸನ್ನು ತೊಟ್ಟಿಲಲ್ಲಿ ಭದ್ರವಾಗಿ ಮಲಗಿಸಿ ಹತ್ತು ನಿಮಿಷ ಅಂಗಳಕ್ಕೆ ಬನ್ನಿರಿ, ಇಲ್ಲವೇ ಕೂಸನ್ನು ಅತ್ತೆಯವರಿಗೋ ಗಂಡನಿಗೋ ಕೊಡಿರಿ. ಅತ್ತು ಕೂಸು ಕೆಡುವುದಿಲ್ಲ, ಕುಲುಕಿದರೆ ಕೆಡುತ್ತದೆ.

ಬರೆ ಹಾಕುವುದು: ಮಗುವಿಗೆ ಹೊಟ್ಟೆಯುಬ್ಬರ, ಕಾಮಾಲೆ, ಉಸಿರಾಟದ ತೊಂದರೆ ಬಂದಾಗ ಕಾಯಿಸಿದ ಬಳೆಯಿಂದಲೋ ಉರಿಯುವ ಊದುಬತ್ತಿಯಿಂದಲೋ ಬರೆ ಹಾಕುವ ಪದ್ಧತಿ ಕೆಲವೆಡೆ ಉಳಿದಿದೆ. ಇದನ್ನು ಮಾಡುವವರು ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಸುಟ್ಟ ಚರ್ಮದ ಮೂಲಕ ಕ್ರಿಮಿಗಳು ರಕ್ತಕ್ಕೆ ಸೇರಿ ನಂಜೇರುತ್ತದೆ. ಅಷ್ಟರಲ್ಲಿ ನಿಜವಾದ ರೋಗವೂ ಉಲ್ಬಣಿಸಿರುತ್ತದೆ. ಪ್ರೀತಿಯಿಂದ ಹಾಕಿದ ಬರೆಯೂ ಸುಡುತ್ತದೆ. ಕೂಸು ಏದುಸಿರು ಬಿಟ್ಟರೆ, ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಮೈ ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.

4. ನಡವಳಿಕೆಯಲ್ಲಿ ಕಾಣುವ ಗುರುತುಗಳು

ಲೈಂಗಿಕ ದೌರ್ಜನ್ಯದಲ್ಲಿ ಮೈಮೇಲೆ ಯಾವ ಗುರುತೂ ಇಲ್ಲದಿರುವುದೇ ಹೆಚ್ಚು. ಆಗ ನಡವಳಿಕೆಯೇ ನಮಗೆ ಸೂಚನೆ ಕೊಡಬೇಕು.

(ಅ) ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಪ್ರಾರಂಭಿಸುವುದು. ರಾತ್ರಿ ಬೆಚ್ಚಿ ಏಳುವುದು.

(ಆ) ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಅವಿತುಕೊಳ್ಳುವುದು. ಒಂದು ಮನೆಗೆ, ಪಾಠಕ್ಕೆ, ತೋಟಕ್ಕೆ ಹೋಗಲೊಲ್ಲದಿರುವುದು.

(ಇ) ಶಾಲೆಗೆ ಹೋಗಲು ಹಠಾತ್ತನೆ ನಿರಾಕರಿಸುವುದು. ಓದಿನಲ್ಲಿ ಹಿಂದೆ ಬೀಳುವುದು.

(ಈ) ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ.

(ಉ) ಮೂತ್ರ ವಿಸರ್ಜನೆಯಲ್ಲಿ ಉರಿ, ಗುಪ್ತಾಂಗದಲ್ಲಿ ನೋವು, ಸ್ರಾವ. ನಡೆಯಲು, ಕೂರಲು ಕಷ್ಟ.

(ಊ) ಕಾರಣ ತಿಳಿಯದ ಹಣ, ತಿಂಡಿ, ಉಡುಗೊರೆ. ಯಾರಿಗೂ ತೋರಿಸದ ಮೊಬೈಲ್ ಸಂದೇಶ.

(ಋ) ತನ್ನ ಕೈಯನ್ನು ತಾನೇ ಕುಯ್ದುಕೊಳ್ಳುವುದು, ಸಾಯುವ ಮಾತನಾಡುವುದು.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ದೌರ್ಜನ್ಯ ನಡೆದಿದೆ ಎಂದು ಅರ್ಥವಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡುವುದು ಹೊಸ ತಮ್ಮ ಹುಟ್ಟಿದ್ದರಿಂದಲೂ ಆಗಬಹುದು. ಆದರೆ ಇದ್ದಂತಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ ಅದಕ್ಕೊಂದು ಕಾರಣವಿರುತ್ತದೆ ಎಂಬುದನ್ನು ಮರೆಯಬಾರದು.

5. ಮಗು ಹೇಳತೊಡಗಿದಾಗ

ಇಂತಹ ಒಂದು ಸಂದರ್ಭವನ್ನು ಊಹಿಸಿಕೊಳ್ಳಿರಿ. ಒಂಬತ್ತು ವರ್ಷದ ಹುಡುಗಿ ದಿನವೂ ಸಂಜೆ ಬಂಧುಗಳೊಬ್ಬರ ಮನೆಗೆ ಹಾಲು ಕೊಡಲು ಹೋಗುತ್ತಾಳೆ. ಒಂದು ದಿನ ಚೊಂಬು ಹಿಡಿದು ನಿಂತು, "ಅವ್ವಾ, ನಾ ಆ ಮನೆಗೆ ಹೋಗಾಕಿಲ್ಲ" ಎನ್ನುತ್ತಾಳೆ. ತಾಯಿ, "ದೊಡ್ಡೋರ ಮನಿಗೆ ಹೋಗಾಕೆ ಏನು ಧಾಡಿ ನಿಂಗೆ? ಸುಮ್ನೆ ಹೋಗಿ ಕೊಟ್ಟು ಬಾ" ಎಂದು ಗದರಿದರೆ ಆ ಬಾಗಿಲು ಅಂದಿಗೆ ಮುಚ್ಚಿಹೋಗುತ್ತದೆ. ಮಗು ಮತ್ತೆ ಬಾಯಿ ತೆರೆಯಲಿಕ್ಕಿಲ್ಲ. ಅದೇ ತಾಯಿ, "ಹೋಗಬ್ಯಾಡ ಬಿಡು ಮಗಾ, ನಾನೇ ಕೊಟ್ಟು ಬರ್ತೀನಿ. ಯಾಕಂತ ಹೇಳಬೇಕು ಅನ್ನಿಸಿದಾಗ ಹೇಳು, ನಾ ಬಯ್ಯಾಕಿಲ್ಲ" ಎಂದರೆ, ಆ ರಾತ್ರಿಯೋ ಮರುದಿನವೋ ಮಗು ಹೇಳೀತು.

ಹೇಳತೊಡಗಿದಾಗ ಕೆಳಗಿನಂತೆ ನಡೆದುಕೊಳ್ಳಿರಿ.

(ಅ) ಕೈಕೆಲಸವನ್ನು ಬಿಟ್ಟು, ಮಗುವಿನ ಸಮಕ್ಕೆ ಕುಳಿತು ಕೇಳಿರಿ. ಕೂಗಾಡುವುದು, ಎದೆ ಬಡಿದುಕೊಳ್ಳುವುದು ಬೇಡ. ನೀವು ಹೆದರಿದರೆ ಮಗು ಮಾತು ನಿಲ್ಲಿಸುತ್ತದೆ.

(ಆ) ಮೂರು ಮಾತುಗಳನ್ನು ತಪ್ಪದೆ ಹೇಳಿರಿ: "ನೀನು ಹೇಳಿದ್ದು ಒಳ್ಳೆಯದಾಯಿತು. ನಾನು ನಿನ್ನ ಮಾತು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ."

(ಇ) "ಆಮೇಲೆ ಏನಾಯಿತು?" ಎಂದು ಮಾತ್ರ ಕೇಳಿರಿ. "ಹೀಗೆ ಮಾಡಿದನೆ? ಹಾಗೆ ಮಾಡಿದನೆ?" ಎಂದು ಉತ್ತರವನ್ನು ಬಾಯಿಗೆ ಹಾಕಬಾರದು. ಮನೆಮಂದಿಯೆಲ್ಲ ಸರದಿಯಂತೆ ಪ್ರಶ್ನಿಸಬಾರದು. ಪ್ರತಿ ಬಾರಿ ಹೇಳುವಾಗಲೂ ಮಗು ಆ ನೋವನ್ನು ಮತ್ತೆ ಅನುಭವಿಸುತ್ತದೆ.

(ಈ) "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿರಿ, ಅದನ್ನು ನಡೆಸಲಾಗದು. "ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿರಿ.

(ಉ) ಆ ವ್ಯಕ್ತಿಯನ್ನು ನೀವೇ ಹೋಗಿ ಎದುರಿಸಬೇಡಿರಿ. ಸಾಕ್ಷ್ಯ ನಾಶವಾಗುವುದಲ್ಲದೆ ಮಗುವಿಗೆ ಅಪಾಯವೂ ಹೆಚ್ಚುತ್ತದೆ. ಆದರೆ ಆ ಕ್ಷಣದಿಂದಲೇ ಮಗುವನ್ನು ಅವನಿಂದ ದೂರವಿರಿಸಿರಿ.

(ಊ) ಘಟನೆ ಇತ್ತೀಚಿನದಾದರೆ ಮಗುವಿಗೆ ಸ್ನಾನ ಮಾಡಿಸಬೇಡಿರಿ. ತೊಟ್ಟ ಬಟ್ಟೆಗಳನ್ನು ಒಗೆಯದೆ ಕಾಗದದಲ್ಲಿ ಸುತ್ತಿ ತನ್ನಿರಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಬನ್ನಿರಿ. ಎಚ್.ಐ.ವಿ. ಸೋಂಕು ತಗಲದಂತೆ ಕೊಡುವ ಔಷಧವನ್ನೂ, ಮೈನೆರೆದ ಹುಡುಗಿಯಾದರೆ ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯನ್ನೂ 72 ಗಂಟೆಗಳ ಒಳಗೆ ಪ್ರಾರಂಭಿಸಬೇಕು. ಎಷ್ಟು ಬೇಗ ಬಂದರೆ ಅಷ್ಟು ಗುಣ. ಈ ಅವಧಿ ಕಳೆದಿದ್ದರೂ ಬನ್ನಿರಿ. ಗಾಯಕ್ಕೂ ಮನಸ್ಸಿಗೂ ಚಿಕಿತ್ಸೆ ಅವಶ್ಯ.

6. ಯಾರಿಗೆ ತಿಳಿಸಬೇಕು?

ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಯಾವ ದೂರವಾಣಿಯಿಂದಲಾದರೂ, ಹಗಲಾಗಲಿ ರಾತ್ರಿಯಾಗಲಿ, ಹಣವಿಲ್ಲದೆ ಕರೆ ಮಾಡಬಹುದು. ಮಗುವೇ ಕರೆ ಮಾಡಬಹುದು. ತತ್‌ಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿರಿ. ಇವಲ್ಲದೆ ಸಮೀಪದ ಪೊಲೀಸ್ ಠಾಣೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇವುಗಳಿಗೂ ತಿಳಿಸಬಹುದು. ದಾರಿ ತೋಚದಿದ್ದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ.

ಕಾನೂನಿನ ವಿಷಯದಲ್ಲಿ ಜನರಲ್ಲಿ ಅನೇಕ ಭಯಗಳಿವೆ. ಆದುದರಿಂದ ಕೆಲವು ಅಂಶಗಳನ್ನು ತಿಳಿದುಕೊಳ್ಳಿರಿ.

2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯನ್ನು ಜನರು ಪೋಕ್ಸೊ ಕಾಯಿದೆ ಎಂದು ಕರೆಯುತ್ತಾರೆ. ಇದರ ಪ್ರಕಾರ 18 ವರ್ಷ ತುಂಬದ ಹುಡುಗ ಹುಡುಗಿಯರೆಲ್ಲರೂ ಮಕ್ಕಳೇ. ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಪೊಲೀಸರಿಗೆ ತಿಳಿಸಲೇಬೇಕು. ನಡೆದುದು ತಿಳಿದಿದ್ದೂ ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ ಆಗಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ರುಜುವಾತು ಒದಗಿಸುವುದು ನಿಮ್ಮ ಕೆಲಸವಲ್ಲ. ತನಿಖೆ ಮಾಡುವವರ ಕೆಲಸ.

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಿದ್ದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರರು ಬರೆದುಕೊಳ್ಳಬೇಕು. ಆಗ ಅವರು ಸಮವಸ್ತ್ರದಲ್ಲಿ ಇರಬಾರದು. ಯಾವ ಕಾರಣಕ್ಕೂ ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹುಡುಗಿಯ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ, ತಂದೆತಾಯಿಗಳ ಅಥವಾ ಮಗು ನಂಬಿದವರ ಸಮ್ಮುಖದಲ್ಲಿ ಮಾಡಬೇಕು. ಚಿಕಿತ್ಸೆ ಉಚಿತ, ಮೊದಲು ಕಾಗದಪತ್ರ ತನ್ನಿರೆಂದು ಕೇಳುವಂತಿಲ್ಲ. ಮಗುವಿನ ಹೆಸರು, ಊರು, ಶಾಲೆ, ಭಾವಚಿತ್ರಗಳನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಹೊಡೆತ, ಅಲಕ್ಷ್ಯಗಳ ವಿಷಯದಲ್ಲಿ 2015ರ ಬಾಲ ನ್ಯಾಯ ಕಾಯಿದೆ ಇದೆ. ತಮ್ಮ ವಶದಲ್ಲಿರುವ ಮಗುವಿಗೆ ಕ್ರೌರ್ಯವೆಸಗಿದವರಿಗೆ ಮೂರು ವರ್ಷಗಳವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯಲ್ಲಿ ಮಗುವನ್ನು ಹೊಡೆಯುವುದೂ ಮಾನಸಿಕವಾಗಿ ಪೀಡಿಸುವುದೂ ನಿಷಿದ್ಧ.

ರಾಜಿ ಪಂಚಾಯಿತಿ ಬೇಡ. "ಮನೆತನದ ಮಾನ ಹೋಗುತ್ತದೆ, ಒಂದಿಷ್ಟು ಹಣ ಕೊಡಿಸಿ ಮುಗಿಸೋಣ" ಎನ್ನುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಮಾನ ಹೋಗಬೇಕಾದುದು ತಪ್ಪು ಮಾಡಿದವನದು, ಮಗುವಿನದಲ್ಲ. ಹಣ ಕೊಟ್ಟು ಬಿಡಿಸಿಕೊಂಡವನು ನಾಳೆ ಮತ್ತೊಂದು ಮಗುವಿನ ಹತ್ತಿರ ಹೋಗುತ್ತಾನೆ.

7. ಬಾಲ್ಯವಿವಾಹವೂ ದೌರ್ಜನ್ಯವೇ

2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಮೇರೆಗೆ ತದನಂತರ ನಡೆದ ಬಾಲ್ಯವಿವಾಹವು ಪ್ರಾರಂಭದಿಂದಲೇ ಅಸಿಂಧು. ಹೆಂಡತಿಯೇ ಆಗಿದ್ದರೂ 18 ತುಂಬದವಳೊಡನೆ ಸಂಭೋಗವು ಅಪರಾಧವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ನೀಡಿದೆ. ಬೆಳೆಯುತ್ತಿರುವ ಹುಡುಗಿಯ ದೇಹ ಬಸಿರಿಗೆ ಸಿದ್ಧವಾಗಿರುವುದಿಲ್ಲ. ರಕ್ತಹೀನತೆ, ನಂಜು, ಕಷ್ಟದ ಹೆರಿಗೆ, ಕಡಿಮೆ ತೂಕದ ಕೂಸು ಇವುಗಳ ಅಪಾಯ ಅವಳಿಗೆ ಹೆಚ್ಚು.

18 ತುಂಬದ ಗರ್ಭಿಣಿ ಬಂದರೆ ನಾವು ವೈದ್ಯರು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಈ ಭಯದಿಂದ ಹುಡುಗಿಯನ್ನು ಆಸ್ಪತ್ರೆಗೆ ಕರೆತರದೆ ಮನೆಯಲ್ಲಿ ಬಚ್ಚಿಡಬೇಡಿರಿ. ಚಿಕಿತ್ಸೆಯನ್ನು ಯಾರೂ ನಿರಾಕರಿಸುವುದಿಲ್ಲ. ಪ್ರಾಣ ಮೊದಲು, ಉಳಿದುದೆಲ್ಲ ಆಮೇಲೆ.

8. ಹೊಡೆಯದೆ ತಿದ್ದುವುದು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಹೇಳಿ ಮಕ್ಕಳನ್ನು ಹೊಡೆಯುವವರುಂಟು. ಗಿಡವನ್ನು ನೇರವಾಗಿ ಬೆಳೆಸುವ ರೈತನು ಅದನ್ನು ಹೊಡೆಯುವುದಿಲ್ಲ. ಪಕ್ಕದಲ್ಲಿ ಗೂಟ ನೆಟ್ಟು, ಮೆತ್ತಗಿನ ದಾರ ಕಟ್ಟಿ ಆಸರೆ ಕೊಡುತ್ತಾನೆ. ಹೊಡೆಸಿಕೊಂಡ ಮಗು ಕಲಿಯುವುದು ಎರಡೇ ಪಾಠ: ಸಿಕ್ಕಿಬೀಳದಂತೆ ಮಾಡುವುದು, ಮತ್ತು ತನಗಿಂತ ಚಿಕ್ಕವರನ್ನು ಹೊಡೆಯುವುದು. ಇನ್ನೂ ದೊಡ್ಡ ನಷ್ಟವೆಂದರೆ, ಮನೆಯಲ್ಲಿ ಪೆಟ್ಟು ತಿನ್ನುವ ಮಗು ಹೊರಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಬಂದು ಹೇಳುವುದಿಲ್ಲ. ಅದಕ್ಕೂ ಪೆಟ್ಟು ಬೀಳುತ್ತದೆಂದು ಹೆದರುತ್ತದೆ.

ಒಳ್ಳೆಯದನ್ನು ಮಾಡಿದಾಗ ಮೆಚ್ಚಿರಿ. ತಪ್ಪು ಮಾಡಿದಾಗ ಏಕೆ ತಪ್ಪೆಂದು ಒಂದೇ ಮಾತಿನಲ್ಲಿ ಹೇಳಿ, ಚೆಲ್ಲಿದ್ದನ್ನು ಬಳಿಯುವಂತೆ, ಮುರಿದುದನ್ನು ಸರಿಪಡಿಸುವಂತೆ ಮಾಡಿಸಿರಿ. ಸ್ನಾನ ಮಾಡಿಸುವಾಗಲೇ ಮೂರು ವರ್ಷದ ಮಗುವಿಗೂ ಅಂಗಾಂಗಗಳ ಹೆಸರನ್ನು ಹೇಳಿಕೊಡಿರಿ. "ಚಡ್ಡಿಯೊಳಗಿನ ಜಾಗವನ್ನು ಬೇರೆ ಯಾರೂ ಮುಟ್ಟಬಾರದು. ಮುಟ್ಟಿದರೆ ಬೇಡವೆಂದು ಕೂಗಿ ಓಡಿ ಬಂದು ನಮಗೆ ಹೇಳು. ಅವರು ನಮ್ಮವರೇ ಆದರೂ ಹೇಳು" ಎಂದು ಕಲಿಸಿರಿ.

ಕೋಪ ಎಲ್ಲಿಂದ ಬರುತ್ತದೆಂಬುದನ್ನೂ ದಂಪತಿಗಳು ವಿಚಾರಮಾಡಬೇಕು. ವರ್ಷಕ್ಕೊಂದು ಹೆರಿಗೆಯಾಗಿ, ಕಂಕುಳಲ್ಲೊಂದು ಸೆರಗು ಹಿಡಿದದ್ದೊಂದು ಇರುವ ತಾಯಿಗೆ ಮೂರನೆಯದರ ಅಳುವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷಗಳ ಅಂತರವಿರಬೇಕು. ವಂಕಿ, ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಇವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಬಯಸಿ ಪಡೆದ ಮಗುವನ್ನು ಸಲಹುವುದು ಸುಲಭ. ಗಂಡನ ಕುಡಿತ ಮತ್ತು ಹೆರಿಗೆಯ ತರುವಾಯ ಕೆಲವು ತಾಯಂದಿರಿಗೆ ಬರುವ ಖಿನ್ನತೆ ಇವೂ ಮಕ್ಕಳ ಮೇಲೆ ಕೈಯೆತ್ತಲು ಕಾರಣವಾಗುತ್ತವೆ. ಇವೆರಡಕ್ಕೂ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

9. ಕಾಲೇಜಿನಲ್ಲಿ ಓದುವ ಮಕ್ಕಳಿಗೂ ಈ ಪಾಠ

ನಿಮ್ಮ ಮಗನೋ ಮಗಳೋ, ತಮ್ಮನೋ ನಾದಿನಿಯೋ ಪಟ್ಟಣದ ಕಾಲೇಜಿನಲ್ಲಿ ಓದುತ್ತಿರಬಹುದು. ನರ್ಸಿಂಗ್, ಬಿ.ಎಡ್., ಸಮಾಜಕಾರ್ಯ, ಕಾನೂನು, ವೈದ್ಯಕೀಯ ಯಾವುದನ್ನೇ ಓದಲಿ, ನಾಳೆ ಅವರು ಮಕ್ಕಳನ್ನು ಮೊದಲು ಕಾಣುವ ಸ್ಥಾನಗಳಲ್ಲಿ ಕೂರುವವರು. 1969ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗಾಗಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಬಂದು ಏಳು ದಿನ ತಂಗುತ್ತಾರೆ. ಶಾಲೆಯ ಮಕ್ಕಳು ಅವರನ್ನು ಬೇಗ ಹಚ್ಚಿಕೊಳ್ಳುತ್ತಾರೆ. ಅಪ್ಪ ಅಮ್ಮನಿಗೆ ಹೇಳಲಾಗದ ಮಾತನ್ನು ಮಗು ಕಾಲೇಜು ಓದುವ ಅಕ್ಕನಿಗೆ, ಅಣ್ಣನಿಗೆ ಹೇಳುವುದು ಅಪರೂಪವಲ್ಲ.

ಕಾಲೇಜಿನ ಕೆಲಸವೊಂದು ಏನಾಗಬಹುದು ಎಂಬುದಕ್ಕೆ 1098ರ ಸಹಾಯವಾಣಿಯೇ ದೃಷ್ಟಾಂತ. ಅದು 1996ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ, ಸಮಾಜಕಾರ್ಯವನ್ನು ಕಲಿಸುವ ಆ ಸಂಸ್ಥೆಯ ಒಂದು ಯೋಜನೆಯಾಗಿ ಮೊದಲಾಯಿತು. ಬಳಿಕ ದೇಶದಲ್ಲೆಲ್ಲ ಹರಡಿ, 2023ರಿಂದ ಹಂತಹಂತವಾಗಿ ಸರ್ಕಾರದ ನೇರ ಆಡಳಿತಕ್ಕೆ ಬಂದಿತು.

ರಜೆಗೆ ಬಂದ ವಿದ್ಯಾರ್ಥಿಗೆ ಈ ಪಾಠವನ್ನು ಓದಿಸಿರಿ. ಅಕ್ಷರ ಬಾರದ ಹಿರಿಯರಿಗೆ ಅವರೇ ಓದಿ ಹೇಳಲಿ. ಅವರಿಗೆ ಮೂರು ಮಾತು ತಿಳಿದಿರಬೇಕು. ಒಂದು: ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ದಿನಾಂಕ ಹಾಕಿ ಬರೆದಿಡಬೇಕು. ಎರಡು: ತಾವೇ ಪತ್ತೇದಾರರಾಗದೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಅದೇ ದಿನ ತಿಳಿಸಬೇಕು, ಶಿಬಿರದಲ್ಲಿದ್ದರೆ ಶಿಬಿರಾಧಿಕಾರಿಗೂ ತಿಳಿಸಬೇಕು. ಮೂರು: ಮಗುವಿನ ಚಿತ್ರವನ್ನಾಗಲಿ ಸಂಗತಿಯನ್ನಾಗಲಿ ವಾಟ್ಸಾಪಿನಲ್ಲಿ ಹರಡಬಾರದು, ಮಗುವಿನ ಗುರುತು ಬಯಲಾದರೆ ಅದು ಕಾನೂನಿಗೂ ವಿರುದ್ಧ, ಮಗುವಿಗೂ ಎರಡನೆಯ ಪೆಟ್ಟು. ಇದರೊಡನೆ, ಪಿ.ಯು.ಸಿ. ಓದುವ ಹದಿನೇಳರ ಹುಡುಗಿಯೂ ಹುಡುಗನೂ ಕಾನೂನಿನ ಕಣ್ಣಿನಲ್ಲಿ ಇನ್ನೂ ಮಕ್ಕಳೇ, ಅವರಿಗೂ ಈ ರಕ್ಷಣೆ ಉಂಟು ಎಂಬುದನ್ನು ತಿಳಿಸಿರಿ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ನಿಮ್ಮ ಮಕ್ಕಳನ್ನು ತಪ್ಪದೆ ಕಳುಹಿಸಿರಿ. ಅಲ್ಲಿ ಅವರು ಆಡುವ ಮಾತಿಗೆ ನಗಬೇಡಿರಿ, ಕಿವಿಗೊಡಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಗಾಯ ಒಂದು ಹೇಳಿ, ಬಾಯಿ ಇನ್ನೊಂದು ಹೇಳಿದರೆ ವೈದ್ಯರಿಗೆ ತೋರಿಸಿರಿ.
2. ಮಗು ಇದ್ದಕ್ಕಿದ್ದಂತೆ ಬದಲಾದರೆ ಕಾರಣವನ್ನು ಮೃದುವಾಗಿ ವಿಚಾರಿಸಿರಿ.
3. ಹೇಳಿದ ಮಗುವನ್ನು ನಂಬಿರಿ, ಗದರಬೇಡಿರಿ, ಮತ್ತೆ ಮತ್ತೆ ಕೇಳಬೇಡಿರಿ.
4. ಆಸ್ಪತ್ರೆಗೆ 72 ಗಂಟೆಗಳ ಒಳಗೆ. ಸಾಧ್ಯವಾದರೆ ಅದೇ ದಿನ.
5. ಮಕ್ಕಳ ಸಹಾಯವಾಣಿ 1098. ತುರ್ತು ಸಹಾಯ 112.
6. ಕೂಸನ್ನು ಕುಲುಕಬೇಡಿರಿ, ಬರೆ ಹಾಕಬೇಡಿರಿ.

ದಂಪತಿಗಳು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮಗುವಿಗೆ ಯಾರಿಂದಲಾದರೂ ತೊಂದರೆಯಾದರೆ ಅದು ಮೊದಲು ಯಾರಿಗೆ ಹೇಳೀತು? ನಮಗೆ ಹೇಳೀತೆ?
2. ನಾವು ಕೊನೆಯ ಬಾರಿ ಮಗುವನ್ನು ಹೊಡೆದುದು ಅದರ ತಪ್ಪಿಗಾಗಿಯೇ, ನಮ್ಮ ಆಯಾಸಕ್ಕಾಗಿಯೇ?
3. ನಮ್ಮ ಮಗಳ ಮತ್ತು ಮಗನ ತೂಕದ ಚೀಟಿಗಳಲ್ಲಿ ವ್ಯತ್ಯಾಸವಿದೆಯೆ?
4. ಪಕ್ಕದ ಮನೆಯ ಮಗುವಿನ ಅಳು ದಿನವೂ ಕೇಳಿಬರುತ್ತಿದ್ದರೆ ನಾವು ಏನು ಮಾಡುವೆವು?

ನಾಲ್ಕನೆಯ ಪ್ರಶ್ನೆಗೆ "ಅದು ಅವರ ಮನೆಯ ವಿಷಯ" ಎಂಬ ಉತ್ತರ ನಿಮ್ಮ ಬಾಯಿಗೆ ಬಂದರೆ ಈ ಪಾಠವನ್ನು ಇನ್ನೊಮ್ಮೆ ಓದಿರಿ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವಾರೂ ಆ ಮಾತನ್ನು ಹೇಳುವುದಿಲ್ಲ; ಕೊಡ ಹಿಡಿದು ಓಡುತ್ತೇವೆ.